ಒಂದು ಶನಿವಾರಕ್ಕೆ ಎರಡು ಬ್ರೂವರಿ ಸಾಕು

ಪ್ರಶ್ನೆ: ಧಾರವಾಡದಿಂದ ನನ್ನ ಕಾಲೇಜು ಗೆಳೆಯ ಬರುತ್ತಿದ್ದಾನೆ. ಶನಿವಾರ ಇಡೀ ದಿನ ಇಬ್ಬರೂ ಬಿಡುವು. ಬೆಂಗಳೂರಿನ ಐದಾರು ಕ್ರಾಫ್ಟ್ ಬ್ರೂವರಿ, ಹಾಗೇ ಸೇಬಿನ ರಸ ಹುದುಗಿಸಿ ಸೈಡರ್ ಮಾಡುವ ಜಾಗಗಳನ್ನೂ ತೋರಿಸಬೇಕು ಅಂತ ಆಸೆ. ನಾನು ಬಾಟಲಿ ಬಿಯರ್ ಬಿಟ್ಟು ಬೇರೆ ಕುಡಿದವನಲ್ಲ, ಅದೂ ಸ್ಟ್ರಾಂಗ್. ಅವನಿಗೆ ಕಹಿ ಸೇರುವುದಿಲ್ಲ. ಎಲ್ಲಿಂದ ಶುರು ಮಾಡಬೇಕು, ಏನು ತರಿಸಿಕೊಳ್ಳಬೇಕು, ವಾಪಸ್ ಬರೋದು ಹೇಗೆ, ಬಿಲ್‌ನಲ್ಲಿ ಏನು ನೋಡಬೇಕು, ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ: ಐದಾರು ಅನ್ನೋದನ್ನು ಮೊದಲು ಹೊಡೆದುಹಾಕಿ. ಎರಡು ಸಾಕು. ಲೆಕ್ಕ ಹಾಕಿ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಬ್ರೂಪಬ್‌ಗಳಲ್ಲಿ (ತಾವೇ ಬಿಯರ್ ಮಾಡಿ ಅಲ್ಲೇ ಬಡಿಸುವ ಪಬ್‌ಗಳು) ಸ್ಯಾಂಪ್ಲರ್ ಅಂತ ಕೊಡುತ್ತಾರೆ. ಮರದ ಹಲಗೆಯ ಮೇಲೆ ಐದೋ ಆರೋ ಪುಟ್ಟ ಲೋಟ, ಒಂದೊಂದರಲ್ಲೂ ಹೆಚ್ಚುಕಡಿಮೆ 100 ಎಂಎಲ್ ಬಿಯರ್. ನೋಡಿದರೆ ಇಷ್ಟೇನಾ ಅನಿಸುತ್ತದೆ. ಆದರೆ ಆರು ಲೋಟ ಸೇರಿದರೆ 600 ಎಂಎಲ್ ಆಯಿತು. ಅಂದರೆ 650 ಎಂಎಲ್‌ನ ದೊಡ್ಡ ಬಾಟಲಿ ಹತ್ತಿರ ಹತ್ತಿರ ಒಂದು. ಐದು ಕಡೆ ಒಬ್ಬೊಬ್ಬರು ಒಂದೊಂದು ಸ್ಯಾಂಪ್ಲರ್ ಮುಗಿಸಿದರೆ ತಲಾ ನಾಲ್ಕೂವರೆ ಬಾಟಲಿ ಹೊಟ್ಟೆಯಲ್ಲಿರುತ್ತದೆ. ಮೂರನೆಯ ಜಾಗ ದಾಟುವ ಹೊತ್ತಿಗೆ ನಾಲಿಗೆ ಸತ್ತುಹೋಗಿರುತ್ತದೆ, ಯಾವ ಲೋಟ ಕೊಟ್ಟರೂ 'ಸೂಪರ್ ಗುರು' ಅನ್ನುತ್ತೀರಿ. ಅಷ್ಟಕ್ಕೆ ಅಷ್ಟೊಂದು ದುಡ್ಡು ಯಾಕೆ? ಅದರ ಮೇಲೆ ಬೆಂಗಳೂರಿನ ಟ್ರಾಫಿಕ್ ಬೇರೆ. ಜೆ.ಪಿ. ನಗರದಿಂದ ಹೆಣ್ಣೂರು, ಅಲ್ಲಿಂದ ವೈಟ್‌ಫೀಲ್ಡ್ ಅಂತ ಹೊರಟರೆ ಶನಿವಾರ ಪೂರ್ತಿ ಕ್ಯಾಬ್‌ನಲ್ಲೇ ಕಳೆಯುತ್ತದೆ.

ಆದ್ದರಿಂದ ಒಂದು ಏರಿಯಾ ಹಿಡಿಯಿರಿ, ಅದರಲ್ಲಿ ಎರಡು ಜಾಗ ಆರಿಸಿ, ಪ್ರತಿ ಕಡೆ ಇಬ್ಬರಿಗೂ ಸೇರಿ ಒಂದೇ ಸ್ಯಾಂಪ್ಲರ್ ತರಿಸಿ. ಅದರಲ್ಲಿ ಯಾವುದು ಇಷ್ಟವಾಯಿತೋ ಅದನ್ನು ಮಾತ್ರ ಪೂರ್ತಿ ಗ್ಲಾಸ್ ಹೇಳಿ.

ಹಂಚಿಕೊಂಡು ಕುಡಿಯಿರಿ ಅಂತ ಹೇಳಲು ದುಡ್ಡಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಒಬ್ಬರ ಮೂಗಿಗೆ ಸಿಗುವ ವಾಸನೆ ಇನ್ನೊಬ್ಬರಿಗೆ ಸಿಗುವುದಿಲ್ಲ. ಬಿಯರ್ ಪೂರ್ತಿ ಹುದುಗದೆ ಇದ್ದರೆ ಡೈಅಸಿಟೈಲ್ ಅನ್ನುವ ವಸ್ತು ಉಳಿದು ಬೆಣ್ಣೆಯ ವಾಸನೆ ಬರುತ್ತದೆ. ಕೆಲವರು ಅದನ್ನು ಮೊದಲ ಗುಟುಕಿಗೇ ಹಿಡಿಯುತ್ತಾರೆ, ಇನ್ನು ಕೆಲವರಿಗೆ ಎಷ್ಟಿದ್ದರೂ ಗೊತ್ತಾಗುವುದೇ ಇಲ್ಲ. ಇದು ಬಹುಪಾಲು ಹುಟ್ಟಿನಿಂದ ಬಂದ ವ್ಯತ್ಯಾಸ, ಬರೀ ಅನುಭವದ ಪ್ರಶ್ನೆ ಅಲ್ಲ. ಹಾಗಾಗಿ ಮೆನು ಕಾರ್ಡ್ ಮುಚ್ಚಿಟ್ಟು ಒಂದೊಂದು ಲೋಟವನ್ನೂ ಮೊದಲು ಮೂಸಿ, ಏನು ಅನಿಸಿತು ಅಂತ ಇಬ್ಬರೂ ಹೇಳಿ, ಆಮೇಲೆ ಕಾರ್ಡ್ ತೆಗೆಯಿರಿ. ಒಬ್ಬರೇ ಹೋದರೆ ಈ ಮಜಾ ಇಲ್ಲ. ಕಹಿ ಆಗದ ಗೆಳೆಯ, ಸ್ಟ್ರಾಂಗ್ ಕುಡಿಯುವ ನೀವು, ಇದಕ್ಕಿಂತ ಒಳ್ಳೆಯ ಜೋಡಿ ಬೇಕಾ?

ನಿಮ್ಮ ಧಾರವಾಡದ ಗೆಳೆಯ 'ಇದರಲ್ಲಿ ಏನಪ್ಪಾ ವಿಶೇಷ, ಅದೇ ಬಿಯರ್ ಅಲ್ಲೇನು?' ಅಂತ ಕೇಳೇ ಕೇಳುತ್ತಾನೆ. ಅದಕ್ಕೆ ಉತ್ತರ ತಿಳಿದಿರಲಿ.

ಈ ಊರಿಗೂ ಬಿಯರಿಗೂ ಹಳೆಯ ನಂಟು. ಯುನೈಟೆಡ್ ಬ್ರೂವರೀಸ್ ಶುರುವಾಗಿದ್ದು 1915ರಲ್ಲಿ, ದಕ್ಷಿಣ ಭಾರತದ ಐದು ಸಣ್ಣ ಬ್ರೂವರಿಗಳನ್ನು ಥಾಮಸ್ ಲೀಶ್‌ಮನ್ ಅನ್ನುವ ಸ್ಕಾಟ್‌ಲೆಂಡಿನವನು ಒಟ್ಟು ಸೇರಿಸಿದಾಗ. 80ರ ದಶಕದ ಕೊನೆಗೆ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರೋಡ್ ಸುತ್ತ ಡ್ರಾಫ್ಟ್ ಬಿಯರ್ ಪಬ್‌ಗಳು ಎದ್ದವು, 'ಪಬ್ ಸಿಟಿ' ಅನ್ನುವ ಹೆಸರು ಬಿತ್ತು. ಆದರೆ ಆಗ ಎಲ್ಲ ಪಬ್‌ನಲ್ಲೂ ಸಿಗುತ್ತಿದ್ದದ್ದು ಫ್ಯಾಕ್ಟರಿಯಿಂದ ಬಂದ ಅದೇ ಲಾಗರ್, ಅಂದರೆ ನೀವು ಬಾಟಲಿಯಲ್ಲಿ ಕುಡಿಯುವ ಥರದ ಬಿಯರ್. ಅಲ್ಲೇ ಬೇಯಿಸಿ ಅಲ್ಲೇ ಬಡಿಸುವ ಮೈಕ್ರೋಬ್ರೂವರಿ ಬಂದದ್ದು 2010ರ ಆಸುಪಾಸಿನಲ್ಲಿ. ಇಂದಿರಾನಗರದ ಟಾಯ್ಟ್, ಲ್ಯಾವೆಲ್ಲೆ ರಸ್ತೆಯ ಬಿಯರ್ ಕ್ಲಬ್ ಆ ಮೊದಲ ಸಾಲಿನವು. 2012ರಲ್ಲಿ ಮ್ಯಾಗ್ರಾತ್ ರಸ್ತೆಯ ಆರ್ಬರ್ ಬಂತು, ಅಮೆರಿಕದ ಮಿಷಿಗನ್‌ನ ಆ್ಯನ್ ಆರ್ಬರ್ ಊರಿನ ಬ್ರೂವರಿಯ ಹೆಸರು ಹೊತ್ತು. ಅದೇ ವರ್ಷ ವೈಟ್‌ಫೀಲ್ಡ್‌ನಲ್ಲಿ ವಿಂಡ್‌ಮಿಲ್ಸ್. ಆಮೇಲೆ ಎಣಿಸಲು ಆಗದಷ್ಟು.

ವ್ಯತ್ಯಾಸ ಇರುವುದು ಮಾಡುವ ರೀತಿಯಲ್ಲಿ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಗೆ ಮಾಲ್ಟ್ ಅನ್ನುತ್ತಾರೆ. ಅದನ್ನು ಒಡೆದು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಅನ್ನುವ ಬಳ್ಳಿಯ ಹೂವು ಹಾಕಿ ಕುದಿಸುತ್ತಾರೆ. ಕಹಿ ಬರುವುದು ಇಲ್ಲೇ. ಮುಂಚೆ ಹಾಕಿದ ಹಾಪ್ಸ್ ಕಹಿ ಕೊಡುತ್ತದೆ, ಕೊನೆಗೆ ಹಾಕಿದ್ದು ಪರಿಮಳ ಕೊಡುತ್ತದೆ. ತಣ್ಣಗಾದ ಮೇಲೆ ಯೀಸ್ಟ್. ಅದು ಸಕ್ಕರೆ ತಿಂದು ಆಲ್ಕೋಹಾಲ್, ಗ್ಯಾಸ್ ಎರಡನ್ನೂ ಬಿಡುತ್ತದೆ. ಏಲ್ ಜಾತಿಯ ಬಿಯರ್ 20 ಡಿಗ್ರಿ ಆಸುಪಾಸಿನಲ್ಲಿ ಹುದುಗಿ ಎರಡು ಮೂರು ವಾರಕ್ಕೆ ತಯಾರು. ಲಾಗರ್‌ಗೆ ಹತ್ತು ಡಿಗ್ರಿಯ ತಂಪು ಬೇಕು, ಟ್ಯಾಂಕಿನಲ್ಲಿ ತಿಂಗಳ ಮೇಲೆ ಕೂರುತ್ತದೆ. ಇರುವ ನಾಲ್ಕಾರು ಟ್ಯಾಂಕುಗಳಲ್ಲಿ ಒಂದನ್ನು ಅಷ್ಟು ದಿನ ಕಟ್ಟಿಹಾಕಲು ಸಣ್ಣ ಬ್ರೂವರಿಗೆ ಮನಸ್ಸು ಬರುವುದಿಲ್ಲ, ಅದಕ್ಕೇ ಟ್ಯಾಪ್‌ಗಳಲ್ಲಿ ಏಲ್ ಜಾಸ್ತಿ, ಲಾಗರ್ ಕಮ್ಮಿ. ಒಳ್ಳೆಯ ಲಾಗರ್ ಮಾಡಿಟ್ಟಿರುವ ಜಾಗ ಸಿಕ್ಕರೆ ಆ ಬ್ರೂವರ್ ಮೇಲೆ ನನಗೆ ಗೌರವ ಹೆಚ್ಚುತ್ತದೆ. ಲಾಗರ್‌ನಲ್ಲಿ ತಪ್ಪು ಮುಚ್ಚಿಡಲು ಹಣ್ಣಿಲ್ಲ, ಮಸಾಲೆ ಇಲ್ಲ.

ಬಾಟಲಿ ಬಿಯರನ್ನು ಸಾಮಾನ್ಯವಾಗಿ ಶೋಧಿಸಿ ಪಾಶ್ಚರೈಸ್ ಮಾಡಿರುತ್ತಾರೆ, ತಿಂಗಳುಗಟ್ಟಲೆ ಕೆಡಬಾರದಲ್ಲ. ಬ್ರೂಪಬ್‌ನ ಬಿಯರಿಗೆ ಹೆಚ್ಚಿನ ಕಡೆ ಇವೆರಡೂ ಇಲ್ಲ. ಯೀಸ್ಟ್ ಹಾಗೇ ತೇಲುತ್ತಿರುತ್ತದೆ. ಅದಕ್ಕೇ ಮಬ್ಬು, ಅದಕ್ಕೇ ತಾಜಾ. ಬೇಗ ಕೆಡುವುದೂ ಅದಕ್ಕೇ.

ಹಾಗಾಗಿ ಕೂತ ತಕ್ಷಣ ವೇಟರ್ ಹತ್ತಿರ 'ಯಾವುದು ಚೆನ್ನಾಗಿದೆ?' ಅಂತ ಕೇಳಬೇಡಿ. ಎಲ್ಲಾ ಚೆನ್ನಾಗಿದೆ ಸಾರ್ ಅನ್ನುತ್ತಾರೆ, ಇನ್ನೇನು ಹೇಳಬೇಕು ಪಾಪ. 'ಹೊಸ ಬ್ಯಾಚ್ ಯಾವುದು? ಈ ವಾರ ಟ್ಯಾಪ್‌ಗೆ ಬಂದದ್ದು ಯಾವುದು?' ಅಂತ ಕೇಳಿ. ಗೊತ್ತಿಲ್ಲ ಅಂದರೆ ಒಳಗೆ ವಿಚಾರಿಸಿ ಬನ್ನಿ ಅನ್ನಿ, ಸಂಕೋಚ ಬೇಡ. ಜಾಸ್ತಿ ಓಡುವ ಬಿಯರ್ ಯಾವತ್ತೂ ತಾಜಾ ಇರುತ್ತದೆ, ಬೆಂಗಳೂರಿನಲ್ಲಿ ಅದು ಬಹುಪಾಲು ಗೋಧಿ ಬಿಯರ್. ಯಾರೂ ಕೇಳದ ಸ್ಟೌಟ್ ಅನ್ನುವ ಕಪ್ಪು ಬಿಯರ್ ಒಂದು ಮೂಲೆಯಲ್ಲಿ ಕೂತು ಹಳತಾಗಿರಬಹುದು. ಹೆಚ್ಚಿನ ಕಡೆ ಆರ್ಡರ್ ಮಾಡುವ ಮೊದಲು ಒಂದು ಗುಟುಕು ರುಚಿ ನೋಡಲು ಕೊಡುತ್ತಾರೆ. ಕೇಳಿ ಪಡೆಯಿರಿ.

ಈಗ ಕುಡಿಯುವ ಕ್ರಮ. ತೆಳುವಿನಿಂದ ಗಟ್ಟಿಗೆ, ಕಹಿ ಇಲ್ಲದ್ದರಿಂದ ಕಹಿಗೆ. ತಿರುಗಿಸಿದರೆ ಕೆಲಸ ಕೆಟ್ಟಿತು, ಐಪಿಎ (ಇಂಡಿಯಾ ಪೇಲ್ ಏಲ್) ಅನ್ನುವ ಕಹಿ ಬಿಯರ್ ಕುಡಿದ ಬಾಯಿಗೆ ಗೋಧಿ ಬಿಯರ್ ಬರೀ ನೀರು.

ಮೊದಲ ಲೋಟ ಹೆಫೆವೈಜನ್ ಆಗಲಿ, ಅಂದರೆ ಜರ್ಮನ್ ಶೈಲಿಯ ಗೋಧಿ ಬಿಯರ್. ಮೂಸಿದರೆ ಬಾಳೆಹಣ್ಣು, ಸ್ವಲ್ಪ ಲವಂಗ. ಎರಡನ್ನೂ ಯಾರೂ ಹಾಕಿರುವುದಿಲ್ಲ, ಆ ಯೀಸ್ಟ್ ತಾನೇ ಮಾಡುವ ಪರಿಮಳ ಅದು. ಬೆಚ್ಚಗೆ ಹುದುಗಿಸಿದರೆ ಬಾಳೆಹಣ್ಣು ಮುಂದೆ ಬರುತ್ತದೆ, ತಂಪಾಗಿಟ್ಟರೆ ಲವಂಗ. ನಿಮ್ಮ ಗೆಳೆಯನ ಮುಂದೆ ಇದನ್ನೇ ಮೊದಲು ಇಡಿ. ಕಹಿಯ ಅಳತೆಗೆ ಐಬಿಯು ಅನ್ನುತ್ತಾರೆ, ಕೆಲವು ಮೆನುಗಳಲ್ಲಿ ಬರೆದಿರುತ್ತಾರೆ. ಹೆಫೆವೈಜನ್ 10ರಿಂದ 15, ಐಪಿಎ 40ರಿಂದ 70. ಮೆನುವಿನಲ್ಲಿ 20ರ ಒಳಗೆ ಇರುವುದೆಲ್ಲ ಅವನದು, ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಆಮೇಲೆ ಬೆಲ್ಜಿಯನ್ ವಿಟ್. ಇದೂ ಗೋಧಿಯದೇ, ಆದರೆ ಇದಕ್ಕೆ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ನಿಜವಾಗಿಯೂ ಬೀಳುತ್ತದೆ. ಟಾಯ್ಟ್‌ನ ಟಿನ್‌ಟಿನ್ ಈ ಜಾತಿಯದು. ಅಲ್ಲೇ ಬಾಸ್ಮತಿ ಬ್ಲಾಂಡ್ ಅಂತ ಒಂದಿದೆ, ಹೆಸರು ಹೇಳುವ ಹಾಗೆ ಅದಕ್ಕೆ ಅಕ್ಕಿ ಸೇರುತ್ತದೆ. ಅಕ್ಕಿ ಬಿಯರನ್ನು ಹಗುರ ಮಾಡುತ್ತದೆ. ಬಾಟಲಿ ಲಾಗರ್ ಅಭ್ಯಾಸ ಇರುವ ನಿಮಗೆ ಅದು ಪರಿಚಯದ ಮುಖ ಅನಿಸಬಹುದು.

ಐಪಿಎ ನಿಮಗಿರಲಿ. ಆರ್ಬರ್‌ನ ರೇಜಿಂಗ್ ಎಲಿಫೆಂಟ್ ಈ ಊರಿನಲ್ಲಿ ಅನೇಕರ ಮೊದಲ ಐಪಿಎ. ಮೊದಲ ಗುಟುಕಿಗೆ ಮುಖ ಕಿವುಚಿದರೆ ಗಾಬರಿ ಬೇಡ, ಮೂರನೆಯ ಗುಟುಕಿನವರೆಗೆ ಕಾಯಿರಿ. ಕಹಿಯ ಹಿಂದೆ ಕಿತ್ತಳೆ, ಚಕ್ಕೋತ, ಕೆಲವೊಮ್ಮೆ ಪೈನ್ ಮರದ ಅಂಟಿನ ಪರಿಮಳ ಇರುತ್ತದೆ. ಈ ಹಾಪ್ಸ್ ನಮ್ಮಲ್ಲಿ ಬೆಳೆಯುವುದಿಲ್ಲ. ಭಾರತದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಅಷ್ಟಿಷ್ಟು ಬೆಳೆಯುತ್ತಾರೆ, ಆದರೆ ಇಂಥ ಪರಿಮಳದ ತಳಿಗಳು ಅಮೆರಿಕ, ಜರ್ಮನಿ ಕಡೆಯಿಂದಲೇ ಬರಬೇಕು. ಗ್ಲಾಸಿನ ಬೆಲೆಯಲ್ಲಿ ಅದೂ ಸೇರಿದೆ.

ಕೊನೆಗೆ ಸ್ಟೌಟ್. ಕಪ್ಪು ಬಣ್ಣ ನೋಡಿ ಇದೇ ಸ್ಟ್ರಾಂಗ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಣ್ಣ ಬರುವುದು ಹುರಿದ ಮಾಲ್ಟ್‌ನಿಂದ, ಅದಕ್ಕೂ ಕಿಕ್‌ಗೂ ಸಂಬಂಧವಿಲ್ಲ. ಎಷ್ಟೋ ಸ್ಟೌಟ್‌ಗಳಲ್ಲಿ ಆಲ್ಕೋಹಾಲ್ ನಿಮ್ಮ ಬಾಟಲಿಗಿಂತ ಕಮ್ಮಿ. ಚಿಕ್ಕಮಗಳೂರಿನ ಕಾಫಿ ಹಾಕಿದ ಸ್ಟೌಟ್ ಕಂಡರೆ ಬಿಡಬೇಡಿ, ಡಿಕಾಕ್ಷನ್ ಕುಡಿದು ಬೆಳೆದ ನಾಲಿಗೆಗೆ ಅದು ತಟ್ಟನೆ ಒಗ್ಗುತ್ತದೆ.

ಸ್ಟ್ರಾಂಗ್ ವಿಷಯಕ್ಕೆ ಬರೋಣ. ನಮ್ಮ ಬಾಟಲಿ ಸ್ಟ್ರಾಂಗ್‌ಗಳಲ್ಲಿ ಆಲ್ಕೋಹಾಲ್ 8%ವರೆಗೂ ಇರುತ್ತದೆ. ಬ್ರೂಪಬ್‌ನ ಹೆಚ್ಚಿನ ಬಿಯರ್ 4.5ರಿಂದ 6%. ಹಾಗಾಗಿ ಮೊದಲ ಗ್ಲಾಸಿನ ನಂತರ 'ಏನೂ ಆಗಲಿಲ್ಲವಲ್ಲ' ಅನಿಸುವುದು ಖಂಡಿತ. ಅದನ್ನೇ ಅಳತೆಗೋಲು ಮಾಡಿಕೊಂಡು ಮೇಲಿಂದ ಮೇಲೆ ಪಿಚರ್ (ದೊಡ್ಡ ಜಗ್) ತರಿಸಿದರೆ ಸಂಜೆಯ ಹೊತ್ತಿಗೆ ಬಾಟಲಿಗಿಂತ ಜಾಸ್ತಿಯೇ ಆಗಿರುತ್ತದೆ. ಕಿಕ್ ಬೇಕೇ ಬೇಕು ಅಂದರೆ ಬೆಲ್ಜಿಯನ್ ಟ್ರಿಪಲ್ ಅನ್ನುವ ಗಟ್ಟಿ ಬಿಯರ್ ಇದೆಯಾ ಅಂತ ಕೇಳಿ, ಚಿಕ್ಕ ಗ್ಲಾಸ್ ಹೇಳಿ, ದಿನದ ಕಟ್ಟಕಡೆಗೆ ಕುಡಿಯಿರಿ. ಗಟ್ಟಿಯಾಗಿಯೂ ಪರಿಮಳವಾಗಿಯೂ ಇರುವ ಬಿಯರ್ ಹೇಗಿರುತ್ತದೆ ಅಂತ ಆಗ ಗೊತ್ತಾಗುತ್ತದೆ.

ಹಣ್ಣಿನ ಬಿಯರ್ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಏಪ್ರಿಲ್ ಬಂತೆಂದರೆ ಮಾವು, ಆಮೇಲೆ ನೇರಳೆ, ಹಲಸು, ಎಲ್ಲ ಕಡೆ ಬೋರ್ಡ್. ಮಾವಿನ ತಿರುಳನ್ನು ಟ್ಯಾಂಕಿಗೆ ಹಾಕಿದರೆ ಅದರ ಸಕ್ಕರೆಯನ್ನೂ ಯೀಸ್ಟ್ ತಿಂದುಬಿಡುತ್ತದೆ. ಉಳಿಯುವುದು ಪರಿಮಳ ಮತ್ತು ಸಣ್ಣ ಹುಳಿ. ಹಾಗೆ ಇದ್ದರೆ ಬ್ರೂವರ್ ಸರಿಯಾಗಿ ಮಾಡಿದ್ದಾರೆ ಅಂತ ಅರ್ಥ. ಪ್ಯಾಕೆಟ್ ಜ್ಯೂಸಿನಷ್ಟು ಸಿಹಿ ಇದ್ದರೆ ಕೊನೆಗೆ ಸಿರಪ್ ಸುರಿದಿದ್ದಾರೆ ಅಂತ ನನ್ನ ಅನುಮಾನ. ಅದನ್ನು ಕುಡಿಯಬಾರದು ಅಂತೇನಿಲ್ಲ, ಬಿಯರ್ ಬೆಲೆ ಕೊಟ್ಟು ಯಾಕೆ ಅಂತ ಅಷ್ಟೇ.

ಈಗ ಸೈಡರ್. ಇಲ್ಲಿ ನಿಮ್ಮ ಪ್ಲಾನನ್ನು ಸ್ವಲ್ಪ ಬದಲಾಯಿಸಬೇಕು. ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲೋ ಫ್ರಾನ್ಸಿನ ನಾರ್ಮಂಡಿಯಲ್ಲೋ ಇರುವ ಹಾಗೆ ಸೇಬಿನ ತೋಟ, ಪಕ್ಕದಲ್ಲೇ ಸೈಡರ್ ಮನೆ, ಅಂಥದ್ದನ್ನು ಬೆಂಗಳೂರಿನಲ್ಲಿ ಹುಡುಕಿಕೊಂಡು ಹೋಗಬೇಡಿ. ಬ್ರಿಟಿಷರ ಕಾಲದಲ್ಲಿ ಈ ಊರಿನ ಸುತ್ತ ಸೇಬು ಬೆಳೆಯುತ್ತಿದ್ದರು, ಈಗ ಅದು ಕತೆ ಅಷ್ಟೇ. ಇಲ್ಲಿ ಸೈಡರ್ ಅಂದರೆ ಬ್ರೂಪಬ್‌ನ ಏಳೆಂಟು ಟ್ಯಾಪ್‌ಗಳಲ್ಲಿ ಒಂದು. ಸೇಬು ಅಥವಾ ಅದರ ರಸ ಬರುವುದು ಹಿಮಾಚಲ, ಕಾಶ್ಮೀರದ ಕಡೆಯಿಂದ. ಎಲ್ಲ ಕಡೆಯೂ ಇರುವುದಿಲ್ಲ, ಇದ್ದ ಕಡೆ ಎಲ್ಲ ತಿಂಗಳೂ ಇರುವುದಿಲ್ಲ. ಹೊರಡುವ ಮೊದಲು ಒಂದು ಫೋನ್ ಮಾಡಿ 'ಸೈಡರ್ ಇವತ್ತು ಟ್ಯಾಪ್‌ನಲ್ಲಿದೆಯಾ' ಅಂತ ಕೇಳುವುದೊಂದೇ ದಾರಿ.

ನಿಮ್ಮ ಗೆಳೆಯನಿಗೆ ಇದು ಹೇಳಿ ಮಾಡಿಸಿದ್ದು, ಯಾಕೆಂದರೆ ಇದರಲ್ಲಿ ಹಾಪ್ಸ್ ಇಲ್ಲ. ಮಾಲ್ಟ್ ಇಲ್ಲ, ಕುದಿಸುವುದೂ ಇಲ್ಲ. ಸೇಬಿನ ರಸಕ್ಕೆ ಯೀಸ್ಟ್ ಹಾಕಿ ಬಿಡುತ್ತಾರೆ, ಕೆಲಸದ ದೃಷ್ಟಿಯಿಂದ ಬಿಯರಿಗಿಂತ ವೈನ್‌ಗೆ ಹತ್ತಿರ. ಬಾರ್ಲಿ, ಗೋಧಿ ಒಗ್ಗದವರೂ ಕುಡಿಯಬಹುದು. ಯೀಸ್ಟ್ ತನ್ನ ಪಾಡಿಗೆ ಕೆಲಸ ಮುಗಿಸಿದರೆ ರಸದ ಸಕ್ಕರೆಯೆಲ್ಲ ಖಾಲಿಯಾಗಿ ಹುಳಿಹುಳಿ, ಒಣಒಣ ಪಾನೀಯ ಉಳಿಯುತ್ತದೆ. ಅದಕ್ಕೆ ಡ್ರೈ ಸೈಡರ್ ಅನ್ನುತ್ತಾರೆ. ನಮ್ಮಲ್ಲಿ ಅದನ್ನು ಹಾಗೇ ಕೊಟ್ಟರೆ ಅರ್ಧ ಜನ ಗ್ಲಾಸ್ ವಾಪಸ್ ಕಳಿಸುತ್ತಾರೆ, ಹಾಗಾಗಿ ಕೊನೆಗೆ ಒಂದಿಷ್ಟು ರಸವನ್ನೋ ಸಕ್ಕರೆಯನ್ನೋ ಸೇರಿಸಿ ಸಿಹಿ ಮಾಡುವುದು ರೂಢಿ. ತಪ್ಪೇನಿಲ್ಲ. ಡ್ರೈನಾ, ಸಿಹಿಯಾ ಅಂತ ಕೇಳಿ ತರಿಸಿಕೊಂಡರಾಯಿತು. ಗೆಳೆಯ ಮೊದಲ ಸಲ ಕುಡಿಯುತ್ತಿದ್ದರೆ ಎರಡರ ನಡುವಿನದು ಒಳ್ಳೆಯದು.

ಇಂಗ್ಲೆಂಡಿನ ಸೈಡರ್ ಕುಡಿದು ಬಂದವರು ಇಲ್ಲಿಯದು ಸಪ್ಪೆ ಅನ್ನುತ್ತಾರೆ. ಅವರು ಹೇಳುವುದರಲ್ಲೂ ಅರ್ಥವಿದೆ. ಅಲ್ಲಿ ಸೈಡರಿಗೆಂದೇ ಬೆಳೆಯುವ ಸೇಬಿನ ತಳಿಗಳಿವೆ, ಡ್ಯಾಬಿನೆಟ್, ಕಿಂಗ್‌ಸ್ಟನ್ ಬ್ಲ್ಯಾಕ್ ಅಂತ. ಕಚ್ಚಿದರೆ ಬಾಯಿ ಒಗರಾಗಿ ಎಳೆದುಕೊಳ್ಳುತ್ತದೆ, ತಿನ್ನಲು ಆಗುವುದಿಲ್ಲ. ಆ ಒಗರೇ ಸೈಡರಿಗೆ ಮೈಕಟ್ಟು. ನಮಗೆ ಸಿಗುವ ಡೆಲಿಷಿಯಸ್ ಜಾತಿಯ ಸೇಬು ತಿನ್ನಲು ಹೇಳಿ ಮಾಡಿಸಿದ್ದು, ಅದರಲ್ಲಿ ಸಿಹಿ ಇದೆ, ಹುಳಿ ಸ್ವಲ್ಪ, ಒಗರು ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಇಲ್ಲಿನ ಸೈಡರ್ ಹಗುರ, ಮಧ್ಯಾಹ್ನದ ಬಿಸಿಲಿಗೆ ತಣ್ಣಗೆ ಹಿತ. ಅದನ್ನು ಅದರ ಪಾಡಿಗೆ ಸವಿಯಿರಿ.

ಎರಡು ಎಚ್ಚರಿಕೆ. ಬೆಳಿಗ್ಗೆ ಬಿಸಿನೀರಿಗೆ ಹಾಕಿಕೊಂಡು ಕುಡಿಯುತ್ತಾರಲ್ಲ ಆ್ಯಪಲ್ ಸೈಡರ್ ವಿನೆಗರ್, ಅದು ಸೈಡರ್ ಹುಳಿತು ಆದದ್ದು. ಲೋಟದಲ್ಲಿ ಆ ಮೂಗಿಗೆ ಹೊಡೆಯುವ ವಾಸನೆ ಬಂದರೆ ಗಾಳಿ ತಾಗಿ ಕೆಟ್ಟಿದೆ, ವಾಪಸ್ ಕೊಡಿ. ಇನ್ನೊಂದು, ಸಿಹಿ ಸೈಡರ್ ಸರಸರ ಇಳಿಯುತ್ತದೆ. ಕಹಿ ತಡೆಯುವುದಿಲ್ಲ, ಹೊಟ್ಟೆ ತುಂಬುವುದಿಲ್ಲ, ಆದರೆ ಆಲ್ಕೋಹಾಲ್ ಬಿಯರಿನಷ್ಟೇ. ಕುಡಿದೇ ಇಲ್ಲ ಅನ್ನುತ್ತಾ ನಿಮಗಿಂತ ಮುಂಚೆ ಏರಿಸಿಕೊಳ್ಳುವುದು ನಿಮ್ಮ ಗೆಳೆಯನೇ, ನೋಡುತ್ತಿರಿ.

ವಾಪಸ್ ಕೊಡುವುದು ಅಂದೆನಲ್ಲ, ಬಿಯರಿನಲ್ಲೂ ಕೆಲವು ಗುರುತು ತಿಳಿದಿರಲಿ. ಬೆಣ್ಣೆಯ ವಾಸನೆ ಆಗಲೇ ಹೇಳಿದೆ. ಬೇಯಿಸಿದ ಮುಸುಕಿನ ಜೋಳದ ವಾಸನೆ ಬಂದರೆ ಕುದಿಸಿದ್ದು ಸಾಲದು. ಹಸಿ ಸೇಬಿನ ವಾಸನೆ ಬಂದರೆ ಟ್ಯಾಂಕಿನಿಂದ ಅವಸರವಾಗಿ ಇಳಿಸಿದ್ದಾರೆ. ನೆನೆದ ರಟ್ಟಿನ ವಾಸನೆ ಅಂದರೆ ಹಳತು. ಎಲ್ಲ ಬಿಯರಿನಲ್ಲೂ ಒಂದೇ ಥರದ ಹುಳಿ ಇದ್ದರೆ ತಪ್ಪು ಬ್ರೂವರ್‌ನದಲ್ಲ, ಟ್ಯಾಂಕಿನಿಂದ ಟ್ಯಾಪ್‌ಗೆ ಬರುವ ಪೈಪ್ ತೊಳೆದಿಲ್ಲ. ಎರಡು ವಾರಕ್ಕೊಮ್ಮೆ ತೊಳೆಯಲೇಬೇಕು ಅದನ್ನು. ಗಲಾಟೆ ಬೇಡ, 'ಇದು ಸರಿ ಇಲ್ಲ ಅನಿಸುತ್ತಿದೆ, ಬ್ರೂವರ್‌ಗೆ ತೋರಿಸಿ' ಅಂದರೆ ಒಳ್ಳೆಯ ಜಾಗದಲ್ಲಿ ಮಾತಿಲ್ಲದೆ ಬದಲಾಯಿಸುತ್ತಾರೆ. ಹಾಗೇ, ತೀರಾ ಐಸ್‌ನಂತೆ ತಣ್ಣಗಿರುವಾಗ ಯಾವ ರುಚಿಯೂ ಗೊತ್ತಾಗುವುದಿಲ್ಲ. ಐದು ನಿಮಿಷ ಬಿಡಿ, ಆಮೇಲೆ ಮೂಸಿ.

ಜಾಗ ಯಾವುದು? ನಿಮ್ಮ ಪ್ರಶ್ನೆಗೆ ನನ್ನ ಸಲಹೆ ನೇರಳೆ ಮಾರ್ಗದ ಮೆಟ್ರೋ. ಮಧ್ಯಾಹ್ನ ಹನ್ನೆರಡೂವರೆಗೆ ಇಂದಿರಾನಗರ ಸ್ಟೇಷನ್‌ನಲ್ಲಿ ಇಳಿಯಿರಿ, 100 ಅಡಿ ರಸ್ತೆ ಹಿಡಿದು ಟಾಯ್ಟ್ ಕಡೆಗೆ ನಡೆಯಿರಿ. ಶನಿವಾರ ಸಂಜೆ ಅಲ್ಲಿ ಬಾಗಿಲಲ್ಲೇ ಕಾಯಬೇಕಾಗುತ್ತದೆ, ಮಧ್ಯಾಹ್ನ ಸಲೀಸು. ಗದ್ದಲವಿಲ್ಲದಿದ್ದರೆ ಟ್ಯಾಂಕ್‌ಗಳನ್ನು ತೋರಿಸುತ್ತೀರಾ ಅಂತ ಕೇಳಲೂ ಬರುತ್ತದೆ. ಎರಡೂವರೆ ಮೂರರ ಹೊತ್ತಿಗೆ ಎದ್ದು ಒಂದು ಗಂಟೆ ಸುಮ್ನೆ ಓಡಾಡಿ, ನೀರು ಕುಡಿಯಿರಿ, ಮೆಟ್ರೋ ಹತ್ತಿ ಎಂ.ಜಿ. ರೋಡ್‌ನಲ್ಲಿ ಇಳಿಯಿರಿ. ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳಲ್ಲಿ ಒಂದು ಸುತ್ತು ಹಾಕಿ, ಅಲ್ಲಿಂದ ಮ್ಯಾಗ್ರಾತ್ ರಸ್ತೆಯ ಆರ್ಬರ್‌ಗೆ ನಡೆದೇ ಹೋಗಬಹುದು. ಅಲ್ಲಿ ಐಪಿಎ ನಿಮಗೆ, ಬ್ಯಾಂಗಲೋರ್ ಬ್ಲಿಸ್ ಅನ್ನುವ ಹೆಫೆವೈಜನ್ ಅವನಿಗೆ. ಮಧ್ಯಾಹ್ನದ ಗೋಧಿ ಬಿಯರಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಅವನನ್ನೇ ಕೇಳಿ. ಒಂದೇ ಜಾತಿಯ ಬಿಯರನ್ನು ಎರಡು ಕಡೆ ಕುಡಿದು ಹೋಲಿಸುವುದರಲ್ಲಿ ಕಲಿಯುವಷ್ಟು ಆರು ಕಡೆ ಆರು ಬಗೆ ಕುಡಿದರೂ ಕಲಿಯುವುದಿಲ್ಲ.

ಅವನು ಸಂಗೀತದ ಊರಿನವನು. ಜಾಝ್ ಕೇಳುವ ಕುತೂಹಲ ಇದ್ದರೆ ಮೇಲಿನದನ್ನೆಲ್ಲ ಬಿಟ್ಟು ಸಂಜೆ ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ಗೆ ಕರೆದುಕೊಂಡು ಹೋಗಿ. ಗೋಡೆ ತುಂಬ ಪುಸ್ತಕ, ಒಳಗೆ ಜಾಝ್‌ಗೆ ಸರಿಯಾದ ರಂಗಮಂದಿರ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೂ ಸಲೀಸಾಗಿ ಓಡುತ್ತಿರುವುದರಿಂದ ಅದೀಗ ಮುಂಚಿನಷ್ಟು ದೂರ ಅಲ್ಲ. ಹೆಣ್ಣೂರಿನ ಬಿಗ್ ಬ್ರೂಸ್ಕಿ, ಜೆ.ಪಿ. ನಗರದ ಊರು ಬ್ರೂಪಾರ್ಕ್ ಥರದವು ದೊಡ್ಡ ಬಯಲಿನ ಜಾಗಗಳು, ಹತ್ತು ಜನರ ಗುಂಪಿಗೆ ಚೆನ್ನ. ಇಬ್ಬರು ಕೂತು ಮೂಸಿ ಮೂಸಿ ಮಾತಾಡಲು ಸ್ವಲ್ಪ ಜಾಸ್ತಿಯೇ ದೊಡ್ಡದು. ಮತ್ತೆ, ಎಲ್ಲೇ ಆದರೂ ಡಿಜೆ ಶುರುವಾಗುವ ಮೊದಲು ರುಚಿ ನೋಡುವ ಕೆಲಸ ಮುಗಿಸಿ. ಕಿವಿಗೆ ಬಡಿಯುವ ಸದ್ದಿನಲ್ಲಿ ನನಗಂತೂ ಲವಂಗ ಯಾವುದು, ಬಾಳೆಹಣ್ಣು ಯಾವುದು ಅಂತ ತಿಳಿದ ನೆನಪಿಲ್ಲ.

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಇಂದಿರಾನಗರಕ್ಕೆ ಹೋಗುವ ಮೊದಲು ಒಂದು ಮಸಾಲೆ ದೋಸೆಯಾದರೂ ಒಳಗಿರಲಿ. ನಂಚಿಕೊಳ್ಳಲು ಗೋಧಿ ಬಿಯರ್ ಜೊತೆ ಕಾಂಗ್ರೆಸ್ ಕಡಲೆಬೀಜ, ಫಿಶ್ ಫ್ರೈ, ಏನಾದರೂ ಹೊಂದುತ್ತದೆ. ಐಪಿಎ ಜೊತೆ ಮಾತ್ರ ತೀರಾ ಖಾರ ಬೇಡ, ಹಾಪ್ಸ್ ಕಹಿ ಖಾರವನ್ನು ಎರಡು ಪಟ್ಟು ಮಾಡಿದ ಹಾಗೆ ಅನಿಸುತ್ತದೆ. ಸೈಡರಿಗೆ ಹಂದಿ ಮಾಂಸ ಹಳೆಯ ಜೋಡಿ, ಮೆನುವಿನಲ್ಲಿ ಕೊಡವರ ಪಂದಿ ಕರಿ ಕಂಡರೆ ಎರಡನೇ ಯೋಚನೆ ಬೇಡ. ಒಂದು ಗ್ಲಾಸ್ ಬಿಯರಿಗೆ ಒಂದು ಗ್ಲಾಸ್ ನೀರು. ಇಬ್ಬರಲ್ಲಿ ಯಾರಾದರೂ ದಿನಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಮೊದಲೇ ಕೇಳಿ.

ವಾಪಸ್ ಬರುವ ಮಾತು. ಗಾಡಿ ಮನೆಯಲ್ಲೇ ಬಿಡಿ, 'ಒಂದೇ ಗ್ಲಾಸ್, ನಿಧಾನವಾಗಿ ಹೋಗ್ತೀನಿ' ಅನ್ನುವ ಮಾತೇ ಬೇಡ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ, ಒಂದೆರಡು ಗ್ಲಾಸಿಗೇ ದಾಟಬಹುದು. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ವಾರಾಂತ್ಯದ ರಾತ್ರಿ ಪೊಲೀಸರು ಮೆಷಿನ್ ಹಿಡಿದು ನಿಂತೇ ಇರುತ್ತಾರೆ. ಪಬ್ ರಾತ್ರಿ 1 ಗಂಟೆವರೆಗೆ ತೆರೆದಿದ್ದರೂ ಮೆಟ್ರೋ ಹನ್ನೊಂದರ ಸುಮಾರಿಗೆ ಮುಗಿಯುತ್ತದೆ. ನನ್ನ ಪ್ಲಾನ್ ಪ್ರಕಾರ ಹೋದರೆ ನೀವು ಎಂಟೂವರೆಗೆಲ್ಲ ದೊನ್ನೆ ಬಿರಿಯಾನಿ ಮುಂದೆ ಇರುತ್ತೀರಿ, ಆ ತಲೆನೋವೇ ಇಲ್ಲ.

ಗೆಳೆಯ ಸಣ್ಣ ವಯಸ್ಸಿನವನ ಹಾಗೆ ಕಂಡರೆ ಗುರುತಿನ ಚೀಟಿ ತರಲು ಹೇಳಿ, 21 ತುಂಬಿರಬೇಕು. ಆ ಶನಿವಾರ ಡ್ರೈ ಡೇ ಅಲ್ಲ ಅಂತಲೂ ನೋಡಿಕೊಳ್ಳಿ. ಅಕ್ಟೋಬರ್ 2 ಎಲ್ಲರಿಗೂ ನೆನಪಿರುತ್ತದೆ, ಚುನಾವಣೆ ಮರೆತುಹೋಗುತ್ತದೆ. ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಬಂದ್.

ಬಿಲ್ ಎಷ್ಟು ಅಂತ ಅಂಕಿ ಹೇಳಿದರೆ ನೀವು ಹೋಗುವ ಹೊತ್ತಿಗೆ ಬದಲಾಗಿರುತ್ತದೆ, ಹಾಗಾಗಿ ಮೆನುವನ್ನು ಆನ್‌ಲೈನ್‌ನಲ್ಲಿ ನೋಡಿಕೊಂಡೇ ಹೊರಡಿ. ಮೆನುವಿನ ಬೆಲೆಯ ಮೇಲೆ ತೆರಿಗೆ ಬೇರೆ ಬೀಳಬಹುದು ಅನ್ನುವುದು ಗಮನದಲ್ಲಿರಲಿ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಅದಕ್ಕೆ ರಾಜ್ಯದ ತೆರಿಗೆ. ಊಟ ತಿಂಡಿಗೆ ಸಾಮಾನ್ಯವಾಗಿ 5% ಜಿಎಸ್‌ಟಿ. ಬಿಲ್‌ನಲ್ಲಿ ಬಿಯರಿಗೆ ಜಿಎಸ್‌ಟಿ ಹಾಕಿಲ್ಲ ಅಂತ ನೋಡಿಕೊಳ್ಳಿ. ಸರ್ವಿಸ್ ಚಾರ್ಜ್ ಅಂತ ಸೇರಿಸಿದ್ದರೆ ಅದು ಕಡ್ಡಾಯವಲ್ಲ, ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ತೆಗೆಯಿರಿ ಅಂತ ಹೇಳಿ, ಆ ದುಡ್ಡಿನಲ್ಲಿ ಸ್ವಲ್ಪವನ್ನು ಹೊಸ ಬ್ಯಾಚ್ ಯಾವುದು ಅಂತ ಒಳಗೆ ಹೋಗಿ ಕೇಳಿಕೊಂಡು ಬಂದ ಹುಡುಗನ ಕೈಗೆ ಕೊಡಿ.